ದಂಡು ಬಿಟ್ಟ ಧೋಂಡಿಯ ಹೋಗಿ ಮುಟ್ಟಿದ್ದೆಲ್ಲಿ?

ಸೋಲೂರು: ನಮ್ಮ ಕಡೆ ಹಳ್ಳಿಗಳಲ್ಲಿ ಮಿಲಿಟ್ರಿಗೆ ಹೋದವರನ್ನು ಜನ ಎರಡು ಥರ ನೋಡ್ತಾರೆ. ಪೂರ್ತಿ ಸರ್ವಿಸ್ ಮುಗಿಸಿ ಪೆನ್ಷನ್ ಪುಸ್ತಕ ಹಿಡಿದು ಬಂದವರಿಗೆ ಹೋಟೆಲಿನಲ್ಲಿ ಎದ್ದು ಜಾಗ ಕೊಡ್ತಾರೆ. ಅರ್ಧಕ್ಕೆ ಬಂದವರನ್ನು ಯಾಕೆ ಬಂದೆ, ಯಾಕೆ ಬಂದೆ ಅಂತ ಕೇಳಿ ಕೇಳಿಯೇ ಅರ್ಧ ಜೀವ ಮಾಡ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೂ ಆ ಪ್ರಶ್ನೆಯ ರುಚಿ ಗೊತ್ತು.

ಆದರೆ ದಂಡು ಬಿಟ್ಟವನ ಕಥೆ ಅಂದರೆ ಎರಡು ಶತಮಾನದ ಹಿಂದಿನ ಒಬ್ಬ ಸವಾರನ ಕಥೆ ಹೇಳಬೇಕು. ಹೆಸರು ಧೋಂಡಿಯ ವಾಘ್. ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠ ಮನೆತನ. ಕೆಲಸ ಹೈದರಾಲಿಯ ಕುದುರೆ ದಂಡಿನಲ್ಲಿ. ಹೈದರ್ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನನ ಕೈಕೆಳಗೆ.

ನಮ್ಮ ಬೆಟ್ಟಗಳು ಬಿದ್ದ ಯುದ್ಧ

ಅವನು ದಂಡು ಬಿಟ್ಟ ಯುದ್ಧ ನಮಗೆ ದೂರದ್ದೇನಲ್ಲ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ಪಾಲಾಯಿತು. ಡಿಸೆಂಬರ್ 21ಕ್ಕೆ ಮಾಗಡಿ ಆಚೆಯ ಸಾವನದುರ್ಗ ಬಿತ್ತು. ಆ ಬಂಡೆ ಹತ್ತುವುದು ಯಾರಿಂದಲೂ ಆಗದು ಅಂತ ನಂಬಿದ್ದ ಕಾಲ ಅದು. ಅದರ ಬೆನ್ನಿಗೇ ರಾಮಗಿರಿ, ನಮ್ಮ ಸೋಲೂರಿಗೆ ದೂರವಿಲ್ಲದ ಹುತ್ರಿದುರ್ಗ! ಆ ಹುತ್ರಿದುರ್ಗದ ಹತ್ತಿರವೇ ದಂಡು ಕೂಡಿಸಿಕೊಂಡು ಇಂಗ್ಲಿಷರು 1792ರಲ್ಲಿ ಶ್ರೀರಂಗಪಟ್ಟಣದ ಮೇಲೆ ಹೋದರು. ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ.

ಈ ಯುದ್ಧದ ಗಡಿಬಿಡಿಯಲ್ಲೇ ಧೋಂಡಿಯ ಕೈಗೆ ಸಿಕ್ಕ ಲೂಟಿ ಗಂಟು ಕಟ್ಟಿಕೊಂಡು ದಂಡಿನಿಂದ ಜಾರಿಕೊಂಡ. ಜೊತೆಗೆ ಒಂದಿಷ್ಟು ಸವಾರರು.

ಜಾರಿಕೊಂಡದ್ದೇನೋ ಆಯಿತು, ಮುಂದೆ? ಅವನಿಗೆ ಗೊತ್ತಿದ್ದುದು ಎರಡೇ, ಕುದುರೆ ಮತ್ತು ಕತ್ತಿ. ಕುದುರೆಗೆ ದಿನಾ ಹುರುಳಿ ಬೇಕು, ಜೊತೆಗೆ ಬಂದವರಿಗೆ ಸಂಬಳ ಬೇಕು. ಲಕ್ಷ್ಮೇಶ್ವರದ ದೇಸಾಯಿಯ ಹತ್ತಿರ ಹೋಗಿ ಸೇರಿಕೊಂಡ. ಯುದ್ಧ ನಿಂತ ಮೇಲೆ ತನ್ನದೇ ಪಡೆ ಕಟ್ಟಿ 1793ರಲ್ಲಿ ಹಾವೇರಿ, ಸವಣೂರು ಸೀಮೆಯಲ್ಲಿ ಸುಲಿಗೆಗೆ ಇಳಿದ. ಆ ಸೀಮೆ ಮರಾಠರದು. ಅವರ ಸರದಾರ ಧೋಂಡೋಪಂತ ಗೋಖಲೆ ಬೆನ್ನು ಹತ್ತಿ ಬಡಿದು ಓಡಿಸಿದ.

ಬಿಟ್ಟ ಮನೆಗೇ ಮತ್ತೆ

ಓಡಿದವನು ಎಲ್ಲಿಗೆ ಹೋದ ಗೊತ್ತಾ? ತಾನು ಬಿಟ್ಟು ಬಂದಿದ್ದ ಟಿಪ್ಪುವಿನ ಹತ್ತಿರಕ್ಕೇ! 1794ರ ಜೂನಿನಲ್ಲಿ ಸುಮಾರು 200 ಸವಾರರ ಜೊತೆ ಮೈಸೂರು ಸೀಮೆಗೆ ಬಂದ. ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಮತ್ತೆ ಸೇರುವುದು ಅಷ್ಟು ಸಲೀಸಲ್ಲ ಅನ್ನೋದು ಅವನಿಗೆ ಆಗ ತಿಳಿಯಿತು. ಟಿಪ್ಪು ಅವನನ್ನು ಮುಸ್ಲಿಂ ಮತಕ್ಕೆ ಸೇರಿಸಿದ, ಕೊನೆಗೆ ಸರಪಳಿ ಹಾಕಿಸಿ ಶ್ರೀರಂಗಪಟ್ಟಣದ ಸೆರೆಯಲ್ಲಿ ಕೂರಿಸಿದ. ವರ್ಷಗಟ್ಟಲೆ ಅಲ್ಲೇ.

1799ರ ಮೇ 4. ಪಟ್ಟಣದ ಕೋಟೆ ಒಡೆಯಿತು, ಟಿಪ್ಪು ಕಾದಾಡಿ ಸತ್ತ. ಆ ಗದ್ದಲದಲ್ಲಿ ಧೋಂಡಿಯ ಹೊರಗೆ ಬಂದ. ಅವನ ಕಾಲಿನ ಸರಪಳಿ ಬಿದ್ದ ದಿನವೇ ಸಾವಿರಾರು ಸಿಪಾಯಿಗಳ ಅನ್ನದ ತಟ್ಟೆಯೂ ಬಿತ್ತು. ಸುಲ್ತಾನ ಇಲ್ಲ, ದಂಡು ಇಲ್ಲ. ಕುದುರೆ ಇದೆ, ಮೇವಿಗೆ ಕಾಸಿಲ್ಲ. ದಿವಾನ್ ಪೂರ್ಣಯ್ಯನವರು ಹೊಸ ಮೈಸೂರು ಸರ್ಕಾರದಲ್ಲಿ ಕೆಲವು ಸವಾರರನ್ನು ಇಟ್ಟುಕೊಂಡರು. ಮಿಕ್ಕವರು?

ಮಿಕ್ಕವರ ಪೈಕಿ ಬಹಳ ಮಂದಿ ಧೋಂಡಿಯನ ಹಿಂದೆ ಹೋದರು. ಅಲ್ಲಿಯ ತನಕ ಯಜಮಾನನನ್ನು ಹುಡುಕುತ್ತಾ ತಿರುಗಿದವನಿಗೆ, ಯಜಮಾನನಿಲ್ಲದ ಒಂದು ದಂಡೇ ಸಿಕ್ಕಿತು. ಕೆಲವೇ ವಾರದಲ್ಲಿ ಬಿದನೂರು ಸೀಮೆ, ಶಿಕಾರಿಪುರ, ಹರಿಹರದ ತನಕ ಅವನದೇ ಮಾತು. ಇಂಗ್ಲಿಷರು ಸ್ಟೀವನ್‌ಸನ್, ಡಾಲ್‌ರಿಂಪಲ್ ಅನ್ನುವ ಇಬ್ಬರು ದಂಡಾಧಿಕಾರಿಗಳನ್ನು ಅಟ್ಟಿದರು. 1799ರ ಆಗಸ್ಟ್ 17ಕ್ಕೆ ಶಿಕಾರಿಪುರ ಕೈ ತಪ್ಪಿತು. ತುಂಗಭದ್ರೆ ದಾಟಿದರೆ ಅಲ್ಲಿ ಅದೇ ಹಳೇ ಗೋಖಲೆ ಕಾದಿದ್ದ. ಆಗಸ್ಟ್ 20ರಂದು ಬಿಡಾರಕ್ಕೇ ನುಗ್ಗಿ ಹೊಡೆದ.

ಎರಡು ಲೋಕದ ಒಡೆಯ

ಇಷ್ಟಾದರೂ ಆಸಾಮಿ ಬಗ್ಗಲಿಲ್ಲ. 1800ರ ಹೊತ್ತಿಗೆ ಮತ್ತೆ ಸಾವಿರಾರು ಸವಾರರು. ಸಾಲದ್ದಕ್ಕೆ ಉಭಯ ಲೋಕಾಧೀಶ್ವರ ಅಂತ ಬಿರುದು ಇಟ್ಟುಕೊಂಡ. ಭೂಮಿಯ ಮೇಲೆ ಗೇಣು ಜಾಗ ಗಟ್ಟಿಯಾಗಿ ನಿಲ್ಲದವನು ಎರಡು ಲೋಕಕ್ಕೆ ಒಡೆಯ! ನಗು ಬರುತ್ತೆ. ಆದರೆ ಆ ಕಾಲದಲ್ಲಿ ಯಾರೂ ನಗಲಿಲ್ಲ. ಅದೇ ಜೂನ್ 30ರಂದು ಕಿತ್ತೂರಿನ ಹತ್ತಿರ ಗೋಖಲೆಯ ಮೇಲೇ ಬಿದ್ದು ಕೊಂದುಹಾಕಿದ. ಅವನ ರಕ್ತದಲ್ಲಿ ಮೀಸೆಗೆ ಬಣ್ಣ ಕಟ್ಟುವ ಶಪಥ ಮಾಡಿದ್ದ, ಅದನ್ನು ತೀರಿಸಿಕೊಂಡ ಅಂತ ಹಳೇ ಇಂಗ್ಲಿಷ್ ಚರಿತ್ರೆ ಪುಸ್ತಕದಲ್ಲಿ ಬರೆದಿದೆ.

ಅವನನ್ನು ಅಟ್ಟಿಸಿಕೊಂಡು ಹೊರಟವನು ಶ್ರೀರಂಗಪಟ್ಟಣದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಇವನೇ. ಬಟೇವಿಯಾದ ಮೇಲಿನ ದಂಡಯಾತ್ರೆಗೆ ಬರುತ್ತೀಯಾ ಅಂತ ಕರೆ ಬಂದರೂ ಧೋಂಡಿಯನ ಲೆಕ್ಕ ಚುಕ್ತಾ ಆಗಬೇಕು ಅಂತ ಇಲ್ಲೇ ನಿಂತ. ಮೈಸೂರಿನ ಸವಾರರೂ ಅವನ ಜೊತೆ ಹೋದರು. ಒಂದು ಕಾಲಕ್ಕೆ ಒಂದೇ ಸುಲ್ತಾನನ ಸಂಬಳ ತಿಂದ ಸವಾರರು ಈಗ ಎದುರುಬದುರು!

ರಾಣೆಬೆನ್ನೂರು, ಕುಂದಗೋಳ, ಡಂಬಳ ಒಂದೊಂದಾಗಿ ಹೋದವು. ಜುಲೈ 30ರಂದು ಮಲಪ್ರಭೆ ದಂಡೆಯ ಮುನವಳ್ಳಿ ಹತ್ತಿರ ಅವನ ಬಿಡಾರವನ್ನೇ ಹೊಳೆಗೆ ನೂಕಿದರು. ಜನ, ದನ, ಸಾಮಾನು ಸರಂಜಾಮು ನೀರು ಪಾಲಾಯಿತು. ಆಮೇಲೂ ಒಂದು ತಿಂಗಳಿಗೆ ಮೇಲೆ ಓಡಿದ. ಸೆಪ್ಟೆಂಬರ್ 10ರಂದು ನಿಜಾಮನಿಗೆ ಸೇರಿದ್ದ ರಾಯಚೂರು ಕಡೆಯ ಕೋಣಗಲ್ಲಿನಲ್ಲಿ ಸುಮಾರು 5,000 ಸವಾರರ ಸಮೇತ ಸಿಕ್ಕಿಬಿದ್ದ. ವೆಲ್ಲೆಸ್ಲಿ ನಾಲ್ಕು ಕುದುರೆ ಪಟಾಲಮ್ಮುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದೆ ನುಗ್ಗಿದ. ಕಾಳಗ ಮುಗಿಯಿತು. ಹೆಣಗಳ ನಡುವೆ ಧೋಂಡಿಯನನ್ನು ಗುರುತು ಹಿಡಿದು, ಫಿರಂಗಿಯ ಗಾಡಿಗೆ ಕಟ್ಟಿ ಪಾಳೆಯಕ್ಕೆ ತಂದರು.

ಕಳ್ಳನೋ, ಕಲಿಯೋ?

ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರದ ಎದುರು ಮೊದಲು ಕತ್ತಿ ಎತ್ತಿದವರಲ್ಲಿ ಇವನೊಬ್ಬ ಅಂತ ಇವತ್ತು ಹೇಳುವವರಿದ್ದಾರೆ. ಆ ಮಾತು ಸುಳ್ಳಲ್ಲ. ಹಾವೇರಿ, ಸವಣೂರು ಕಡೆ ಅವನ ಪಡೆ ಹಗೇವು ಬಗೆದು ಹೋದ ರೈತನನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದ. ಅದೂ ಸುಳ್ಳಲ್ಲ. ಆದರೆ ಒಂದು ಮಾತು ಮಾತ್ರ ಖಂಡಿತ. ಧೋಂಡಿಯ ಒಬ್ಬನೇ ದಂಡು ಬಿಟ್ಟಾಗ ಸೀಮೆಯಲ್ಲೊಬ್ಬ ಲೂಟಿಕೋರ ಹೆಚ್ಚಾದ, ಅಷ್ಟೆ. ದಂಡಿಗೆ ದಂಡೇ ಬೀದಿಗೆ ಬಿದ್ದಾಗ ಅವನು ರಾಜನಾದ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಕೆಲಸವಿಲ್ಲದ ಸಿಪಾಯಿಗಳ ಹೊಟ್ಟೆ.

ಇದನ್ನು ಈಗ ಯಾಕೆ ಬರೆದೆ ಅಂದರೆ, 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರಿಗೆ ನಾಲ್ಕೇ ವರ್ಷದ ಸರ್ವಿಸ್. ಆಮೇಲೆ ನೂರರಲ್ಲಿ 25 ಮಂದಿಯ ತನಕ ಮಾತ್ರ ಉಳಿಸಿಕೊಳ್ಳುವುದು ಅಂತ ನಿಯಮ. ಮಿಕ್ಕವರಿಗೆ ಪೆನ್ಷನ್ ಇಲ್ಲ, ಸುಮಾರು 11 ಲಕ್ಷ 71 ಸಾವಿರ ರೂಪಾಯಿಯ ಗಂಟು. ಈ ಹುಡುಗರು ಓಡಿ ಬಂದವರಲ್ಲ, ಒಪ್ಪಿದ ಕೆಲಸ ಮಾಡಿ ಮುಗಿಸಿ ಬರುವವರು. ಧೋಂಡಿಯನಿಗೂ ಇವರಿಗೂ ಹೋಲಿಕೆಯೇ ತಪ್ಪು. ಆದರೆ ಇಪ್ಪತ್ತೈದರ ಒಳಗೇ ಊರಿಗೆ ಬರುವ ಹುಡುಗನಿಗೆ ಯಾಕೆ ಬಂದೆ ಅಂತ ಕೇಳುವ ಬದಲು ಮುಂದೇನು ಅಂತ ಕೇಳಿ, ಒಂದು ಕೆಲಸದ ದಾರಿ ತೋರಿಸುವುದು ಊರಿನವರ ಕೆಲಸವೂ ಹೌದು, ಸರ್ಕಾರದ ಕೆಲಸವೂ ಹೌದು.

ಕೋಣಗಲ್ಲಿನಲ್ಲಿ ಆ ದಿನ ಸಾಮಾನು ಗಂಟುಗಳ ನಡುವೆ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ್ದ. ವೆಲ್ಲೆಸ್ಲಿ ಅವನನ್ನು ಸಾಕಿದ, ದೇಶ ಬಿಟ್ಟು ಹೋಗುವಾಗ ಹುಡುಗನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ನೌಕರಿಗೆ ಸೇರಿದ. 1822ರಲ್ಲಿ ಕಾಲರಾ ಬಂದು ತೀರಿಕೊಂಡ. ಅಪ್ಪನಿಗೆ ಕೊನೆಯವರೆಗೂ ನೆಲೆಯಾಗಿ ಸಿಗದ ಸಂಬಳದ ಕೆಲಸ ಮಗನಿಗೆ ಸಿಕ್ಕಿತ್ತು. ಅವನು ಯಾರ ಊರನ್ನೂ ಸುಲಿಯಲಿಲ್ಲ.