ಎಡ್ವಿನ್ ಲಿಂಕ್

ಎಡ್ವಿನ್ ಆಲ್ಬರ್ಟ್ ಲಿಂಕ್ (ಜುಲೈ 26, 1904 – ಸೆಪ್ಟೆಂಬರ್ 7, 1981) ಅಮೆರಿಕದ ಸಂಶೋಧಕ, ಉದ್ಯಮಿ, ವಿಮಾನ ಚಾಲಕ ಹಾಗೂ ಸಮುದ್ರ ಪರಿಶೋಧಕ. ನೆಲದ ಮೇಲೆಯೇ ವಿಮಾನ ಹಾರಾಟದ ಅಭ್ಯಾಸ ನೀಡುವ 'ಲಿಂಕ್ ಟ್ರೈನರ್' ಎಂಬ ಯಂತ್ರವನ್ನು ರೂಪಿಸಿ, ಇಂದಿನ ಫ್ಲೈಟ್ ಸಿಮ್ಯುಲೇಟರ್‌ಗಳಿಗೆ ಅಡಿಪಾಯ ಹಾಕಿದವರು ಇವರು. ಎರಡನೇ ಮಹಾಯುದ್ಧದ ಅವಧಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಈ ಯಂತ್ರದಲ್ಲಿ ತರಬೇತಿ ಪಡೆದರು. ಜೀವನದ ಉತ್ತರಾರ್ಧವನ್ನು ಲಿಂಕ್ ಆಳ ಸಮುದ್ರದಲ್ಲಿ ಮನುಷ್ಯರು ಸುರಕ್ಷಿತವಾಗಿ ಕೆಲಸ ಮಾಡಲು ಬೇಕಾದ ಸಾಧನಗಳ ಅಭಿವೃದ್ಧಿಗೆ ಮೀಸಲಿಟ್ಟರು.

ಜನನ ಮತ್ತು ಆರಂಭಿಕ ಜೀವನ

ಲಿಂಕ್ ಅವರು ಇಂಡಿಯಾನಾ ರಾಜ್ಯದ ಹಂಟಿಂಗ್ಟನ್‌ನಲ್ಲಿ ಜನಿಸಿದರು. 1910ರಲ್ಲಿ ಅವರ ತಂದೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ನಗರದಲ್ಲಿ ದಿವಾಳಿಯಾಗಿದ್ದ ಸಂಗೀತ ವಾದ್ಯಗಳ ಕಂಪನಿಯೊಂದನ್ನು ಕೊಂಡರು. ಮುಂದೆ ಇದು ಲಿಂಕ್ ಪಿಯಾನೊ ಮತ್ತು ಆರ್ಗನ್ ಕಂಪನಿ ಎಂದು ಹೆಸರಾಯಿತು. ತಾನೇ ನುಡಿಯುವ ಪಿಯಾನೊಗಳು ಮತ್ತು ಚಿತ್ರಮಂದಿರಗಳ ಆರ್ಗನ್‌ಗಳು ಇಲ್ಲಿ ತಯಾರಾಗುತ್ತಿದ್ದವು. ಗಾಳಿಯ ಒತ್ತಡ, ತಿದಿ ಮತ್ತು ಕವಾಟಗಳಿಂದ ಯಂತ್ರವನ್ನು ನಡೆಸುವ ವಿದ್ಯೆಯನ್ನು ಲಿಂಕ್ ಈ ಕಾರ್ಖಾನೆಯಲ್ಲಿಯೇ ಕಲಿತರು.

1920ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವರು ಹಾರಾಟದ ಮೊದಲ ಪಾಠ ಪಡೆದರು. ಚಾರ್ಲಿ ಚಾಪ್ಲಿನ್ ಅವರ ಸಹೋದರ ಸಿಡ್ನಿ ಚಾಪ್ಲಿನ್ ಅವರಿಗೆ ಸೇರಿದ ವಿಮಾನ ನಿಲ್ದಾಣದಲ್ಲಿ ನಡೆದ ಆ ಪಾಠದಲ್ಲಿ ವಿಮಾನದ ನಿಯಂತ್ರಣಗಳನ್ನು ಮುಟ್ಟುವ ಅವಕಾಶವೂ ಅವರಿಗೆ ದೊರೆಯಲಿಲ್ಲ. ಆ ಕಾಲದಲ್ಲಿ ಪಾಠದ ಶುಲ್ಕ ದುಬಾರಿಯಾಗಿತ್ತು. ಕಲಿಯುವವನ ತಪ್ಪು ಪ್ರಾಣಕ್ಕೇ ಎರವಾಗಬಹುದಿತ್ತು. ಹಾರಾಟದ ಮೂಲಪಾಠಗಳನ್ನು ನೆಲದ ಮೇಲೆಯೇ ಕಲಿಸಬಹುದೆಂಬ ಯೋಚನೆ ಲಿಂಕ್ ಅವರಲ್ಲಿ ಬೆಳೆದದ್ದು ಈ ಹಿನ್ನೆಲೆಯಲ್ಲಿ.

ಲಿಂಕ್ ಟ್ರೈನರ್

ಕಾರ್ಖಾನೆಯ ನೆಲಮಾಳಿಗೆಯಲ್ಲಿ ಪ್ರಯೋಗ ನಡೆಸಿದ ಲಿಂಕ್, 1929ರಲ್ಲಿ ತಮ್ಮ ಯಂತ್ರಕ್ಕೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 1931ರಲ್ಲಿ ಅದು ಮಂಜೂರಾಯಿತು. ಗಿಡ್ಡ ರೆಕ್ಕೆ ಮತ್ತು ಬಾಲವಿದ್ದ ಮರದ ಪುಟ್ಟ ವಿಮಾನದಂತೆ ಕಾಣುತ್ತಿದ್ದ ಈ ಯಂತ್ರ ಒಂದು ಪೀಠದ ಮೇಲೆ ನಿಂತಿರುತ್ತಿತ್ತು. ಕಲಿಯುವವನು ನಿಯಂತ್ರಣ ದಂಡವನ್ನು ಅಲುಗಿಸಿದಾಗ ಕವಾಟಗಳು ತೆರೆದುಕೊಂಡು, ಪೀಠದಲ್ಲಿದ್ದ ತಿದಿಗಳು ಹಿಗ್ಗುತ್ತಲೂ ಕುಗ್ಗುತ್ತಲೂ ಇದ್ದವು. ಇದರಿಂದ ಯಂತ್ರವು ಮೂತಿಯನ್ನು ಮೇಲಕ್ಕೆತ್ತಿ, ಕೆಳಕ್ಕಿಳಿಸಿ, ಪಕ್ಕಕ್ಕೆ ವಾಲುತ್ತಿತ್ತು. ಪೆಡಲ್ ಒತ್ತಿದರೆ ದಿಕ್ಕು ಬದಲಿಸುತ್ತಿತ್ತು. ಮೇಲಿನ ಮುಚ್ಚಳವನ್ನು ಹಾಕಿದಾಗ ಹೊರಗಿನದೇನೂ ಕಾಣದೆ, ಕಲಿಯುವವನು ಎದುರಿನ ಮಾಪಕಗಳನ್ನಷ್ಟೇ ನೆಚ್ಚಬೇಕಾಗುತ್ತಿತ್ತು. ಮುಂದಿನ ಮಾದರಿಗಳಲ್ಲಿ ಬೋಧಕನ ಮೇಜಿನ ಮೇಲಿದ್ದ ಸಾಧನವೊಂದು ಈ ಹಾರಾಟದ ಹಾದಿಯನ್ನು ನಕ್ಷೆಯ ಮೇಲೆ ಶಾಯಿಯಿಂದ ಗುರುತಿಸುತ್ತಿತ್ತು. ನೀಲಿ ಬಣ್ಣದ ಕಾರಣದಿಂದ ಯಂತ್ರಕ್ಕೆ 'ನೀಲಿ ಪೆಟ್ಟಿಗೆ' ಎಂಬ ಅಡ್ಡಹೆಸರು ಬಂದಿತು.

ಆರಂಭದಲ್ಲಿ ಹಾರಾಟ ಶಾಲೆಗಳಾಗಲಿ ಸೇನೆಯಾಗಲಿ ಈ ಯಂತ್ರದಲ್ಲಿ ಹೆಚ್ಚಿನ ಆಸಕ್ತಿ ತೋರಲಿಲ್ಲ. ಮೊದಲ ಯಂತ್ರಗಳಲ್ಲಿ ಹೆಚ್ಚಿನವು ಮನೋರಂಜನಾ ಉದ್ಯಾನಗಳಿಗೆ ಮಾರಾಟವಾದವು. ಆರ್ಥಿಕ ಮಹಾಕುಸಿತದ ಆ ವರ್ಷಗಳಲ್ಲಿ ಲಿಂಕ್ ಹಾರಾಟ ಶಾಲೆ ನಡೆಸಿದರು. ವಿಮಾನದ ರೆಕ್ಕೆಯ ಕೆಳಗೆ ದೀಪದ ಜಾಹೀರಾತುಗಳನ್ನು ಕಟ್ಟಿ ರಾತ್ರಿ ಹಾರಾಟ ನಡೆಸಿಯೂ ಹಣ ಗಳಿಸಿದರು. 1931ರಲ್ಲಿ ಅವರು ಪತ್ರಕರ್ತೆ ಮೇರಿಯನ್ ಕ್ಲೇಟನ್ ಅವರನ್ನು ವಿವಾಹವಾದರು. ಮೇರಿಯನ್ ಉದ್ಯಮದ ನಿರ್ವಹಣೆಯಲ್ಲಿಯೂ ಮುಂದಿನ ಸಮುದ್ರ ಯಾನಗಳಲ್ಲಿಯೂ ಪತಿಯ ಜೊತೆಗಿದ್ದರು. ದಂಪತಿಗೆ ಇಬ್ಬರು ಗಂಡುಮಕ್ಕಳು.

1934ರ ಅಂಚೆ ದುರಂತ

1934ರ ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರವು ಖಾಸಗಿ ಕಂಪನಿಗಳ ವಿಮಾನ ಅಂಚೆ ಗುತ್ತಿಗೆಗಳನ್ನು ರದ್ದುಪಡಿಸಿ, ಆ ಕೆಲಸವನ್ನು ಸೇನೆಯ ವಾಯುದಳಕ್ಕೆ ಒಪ್ಪಿಸಿತು. ಸೇನೆಯ ಪೈಲಟ್‌ಗಳಿಗೆ ಮೋಡ, ಮಂಜು ಮತ್ತು ಕತ್ತಲೆಯಲ್ಲಿ ಮಾಪಕಗಳನ್ನು ನೋಡಿ ಹಾರುವ ಅಭ್ಯಾಸ ತೀರ ಕಡಿಮೆಯಿತ್ತು. ಹೊರಗಿನ ದೃಶ್ಯ ಮರೆಯಾದಾಗ ಒಳಕಿವಿಯ ಸಮತೋಲನ ಪ್ರಜ್ಞೆ ಮನುಷ್ಯನನ್ನು ದಾರಿತಪ್ಪಿಸುತ್ತದೆ: ವಿಮಾನ ನಿಧಾನವಾಗಿ ವಾಲಿ ಸುತ್ತುತ್ತಿದ್ದರೂ ಅದು ಸಮತಲದಲ್ಲಿ ಹಾರುತ್ತಿದೆ ಎಂದೇ ಪೈಲಟ್‌ಗೆ ಅನಿಸಬಹುದು. ಚಳಿಗಾಲದ ಕೆಟ್ಟ ಹವಾಮಾನದಲ್ಲಿ ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ವೈಮಾನಿಕರು ಅಪಘಾತಗಳಲ್ಲಿ ಮೃತಪಟ್ಟರು.

ಈ ಸಾವುಗಳಿಂದ ಎಚ್ಚೆತ್ತ ಸೇನಾಧಿಕಾರಿಗಳು ಲಿಂಕ್ ಅವರನ್ನು ನ್ಯೂಜೆರ್ಸಿಯ ನ್ಯೂವರ್ಕ್‌ಗೆ ಬರಮಾಡಿಕೊಂಡರು. ಅಂದು ದಟ್ಟ ಮಂಜು ಕವಿದಿದ್ದರಿಂದ ಅವರು ಬರಲಾರರೆಂದು ಅಧಿಕಾರಿಗಳು ಭಾವಿಸಿದ್ದರು. ಆದರೆ ಲಿಂಕ್ ಮಾಪಕಗಳ ನೆರವಿನಿಂದಲೇ ಹಾರಿಬಂದು ಸುರಕ್ಷಿತವಾಗಿ ಇಳಿದರು. ಸೇನೆಯು ತಲಾ 3,500 ಡಾಲರ್ ಬೆಲೆಗೆ ಆರು ಯಂತ್ರಗಳನ್ನು ಕೊಂಡಿತು. ಮುಂದೆ ಜಪಾನ್ ಸೇರಿದಂತೆ ಹಲವು ದೇಶಗಳು ಇವನ್ನು ಖರೀದಿಸಿದವು. ಕೆನಡಾದಲ್ಲಿಯೂ ಕಾರ್ಖಾನೆ ಆರಂಭವಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 10,000 ಯಂತ್ರಗಳು ತಯಾರಾಗಿದ್ದವು. ನಕ್ಷತ್ರಗಳನ್ನು ನೋಡಿ ದಾರಿ ಕಂಡುಕೊಳ್ಳುವುದನ್ನು ಬಾಂಬರ್ ವಿಮಾನಗಳ ಸಿಬ್ಬಂದಿಗೆ ಕಲಿಸುವ ದೊಡ್ಡ ಯಂತ್ರವನ್ನೂ ಲಿಂಕ್ ನೌಕಾಯಾನ ತಜ್ಞ ಪಿ. ವಿ. ಎಚ್. ವೀಮ್ಸ್ ಅವರ ಜೊತೆಗೂಡಿ ರೂಪಿಸಿದರು.

ಸಮುದ್ರ ಸಂಶೋಧನೆ

1954ರಲ್ಲಿ ಲಿಂಕ್ ಅವರ ಕಂಪನಿಯು ಜನರಲ್ ಪ್ರಿಸಿಷನ್ ಸಂಸ್ಥೆಯಲ್ಲಿ ವಿಲೀನವಾಯಿತು. ಬಳಿಕ ಅವರ ಗಮನ ಸಮುದ್ರದತ್ತ ಹೊರಳಿತು. 1959ರಲ್ಲಿ ಅವರು ಜಮೈಕಾದಲ್ಲಿ, 1692ರ ಭೂಕಂಪದಲ್ಲಿ ಮುಳುಗಿದ ಪೋರ್ಟ್ ರಾಯಲ್ ನಗರದ ಅವಶೇಷಗಳನ್ನು ಶೋಧಿಸಿದರು. 1962ರಲ್ಲಿ ಫ್ರಾನ್ಸ್‌ನ ಕರಾವಳಿಯಲ್ಲಿ ಬೆಲ್ಜಿಯಂನ ರಾಬರ್ಟ್ ಸ್ಟೆನ್ವಿ ಅವರು ಲಿಂಕ್ ರೂಪಿಸಿದ ಲೋಹದ ಸಿಲಿಂಡರಿನ ನೆರವಿನಿಂದ ಸುಮಾರು 61 ಮೀಟರ್ ಆಳದಲ್ಲಿ 24 ಗಂಟೆಗಳಿಗೂ ಹೆಚ್ಚು ಕಾಲ ಕಳೆದರು. 1964ರಲ್ಲಿ ಬಹಾಮಾಸ್ ಬಳಿ ಸ್ಟೆನ್ವಿ ಮತ್ತು ಜಾನ್ ಲಿಂಡ್‌ಬರ್ಗ್ ಸುಮಾರು 132 ಮೀಟರ್ ಆಳದಲ್ಲಿ 49 ಗಂಟೆ ತಂಗಿದ್ದರು.

1971ರಲ್ಲಿ ಲಿಂಕ್ ಮತ್ತು ಉದ್ಯಮಿ ಸೀವರ್ಡ್ ಜಾನ್ಸನ್ ಅವರ ಸಹಯೋಗದಲ್ಲಿ 'ಜಾನ್ಸನ್ ಸೀ ಲಿಂಕ್' ಎಂಬ ಕಿರು ಜಲಾಂತರ್ಗಾಮಿ ಸಿದ್ಧವಾಯಿತು. 1973ರ ಜೂನ್ 17ರಂದು ಫ್ಲೋರಿಡಾದ ಕೀ ವೆಸ್ಟ್ ಸಮೀಪ ಅದು ಮುಳುಗಿದ ಹಡಗೊಂದರ ಅವಶೇಷಗಳಲ್ಲಿ ಸಿಕ್ಕಿಕೊಂಡಿತು. ಅದರಲ್ಲಿದ್ದ ನಾಲ್ವರ ಪೈಕಿ ಹಿಂಬದಿಯ ಕೋಣೆಯಲ್ಲಿದ್ದ ಇಬ್ಬರು ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಮೃತಪಟ್ಟರು. ಅವರಲ್ಲಿ ಒಬ್ಬರು ಲಿಂಕ್ ಅವರ ಮಗ ಕ್ಲೇಟನ್ ಲಿಂಕ್. ಇನ್ನೊಬ್ಬರು ಆಲ್ಬರ್ಟ್ ಸ್ಟೋವರ್. ಈ ಆಘಾತದ ನಂತರವೂ ಲಿಂಕ್ ಕೆಲಸ ನಿಲ್ಲಿಸಲಿಲ್ಲ. ಸಮುದ್ರದಡಿ ಸಿಕ್ಕಿಕೊಂಡ ನೌಕೆಗಳನ್ನು ಬಿಡಿಸಬಲ್ಲ, ಕೇಬಲ್ ಮೂಲಕ ನಡೆಯುವ ಮಾನವರಹಿತ ರಕ್ಷಣಾ ಸಾಧನವನ್ನು ಅವರು ವಿನ್ಯಾಸಗೊಳಿಸಿದರು.

ಸಿಮ್ಯುಲೇಟರ್ ತರಬೇತಿಯ ಬೆಳವಣಿಗೆ

ಮಾಪಕ ಆಧಾರಿತ ಹಾರಾಟವನ್ನು ಕಲಿಸುವುದು ಲಿಂಕ್ ಟ್ರೈನರ್‌ನ ಮುಖ್ಯ ಉಪಯೋಗವಾಗಿತ್ತು. ನಂತರದ ಸಿಮ್ಯುಲೇಟರ್‌ಗಳು ನಿರ್ದಿಷ್ಟ ವಿಮಾನವೊಂದರ ವರ್ತನೆಯನ್ನು ಯಥಾವತ್ತಾಗಿ ತೋರಿಸುವ ಮಟ್ಟಕ್ಕೆ ಬೆಳೆದವು. ಟೇಕಾಫ್‌ನ ಸಿದ್ಧತೆ ಇದಕ್ಕೊಂದು ಉದಾಹರಣೆ. ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನು ತಕ್ಕಮಟ್ಟಿಗೆ ಇಳಿಸಿದರೆ ಕಡಿಮೆ ವೇಗದಲ್ಲಿಯೇ ವಿಮಾನಕ್ಕೆ ಬೇಕಾದ ಎತ್ತುವ ಬಲ ದೊರೆಯುತ್ತದೆ. ಅತಿಯಾಗಿ ಇಳಿಸಿದರೆ ಗಾಳಿಯ ತಡೆ ಹೆಚ್ಚಿ ಮೇಲೇರುವುದು ಕಷ್ಟವಾಗುತ್ತದೆ. ವಿಮಾನದ ತೂಕ ಮತ್ತು ಗುರುತ್ವ ಕೇಂದ್ರಕ್ಕೆ ಅನುಗುಣವಾಗಿ ಟ್ರಿಮ್ ಹೊಂದಿಸದಿದ್ದರೆ ಮೂತಿಯು ಅಕಾಲದಲ್ಲಿ ಮೇಲೇಳಬಹುದು ಅಥವಾ ಎಳೆದರೂ ಏಳದಿರಬಹುದು. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಫ್ಲಾಪ್‌ಗಳನ್ನು ಇಳಿಸದೆಯೇ ಟೇಕಾಫ್‌ಗೆ ಹೊರಟ ಸ್ಪ್ಯಾನ್‌ಏರ್ ವಿಮಾನ ಪತನಗೊಂಡು 154 ಮಂದಿ ಮೃತಪಟ್ಟರು. ಇಂಥ ತಪ್ಪನ್ನು ಸಿಮ್ಯುಲೇಟರ್‌ನಲ್ಲಿ ಮಾಡಿ, ಅದರ ಪರಿಣಾಮವನ್ನು ಕಂಡು, ಮತ್ತೆ ರನ್‌ವೇಯ ಆರಂಭಕ್ಕೆ ಮರಳಿ ಅಭ್ಯಾಸ ಮುಂದುವರಿಸಬಹುದು.

ಗೌರವಗಳು ಮತ್ತು ನಿಧನ

ಲಿಂಕ್ ಅವರಿಗೆ 1945ರಲ್ಲಿ ಫ್ರಾಂಕ್ಲಿನ್ ಸಂಸ್ಥೆಯ ಹೊವಾರ್ಡ್ ಪಾಟ್ಸ್ ಪದಕ ಸಂದಿತು. 1976ರಲ್ಲಿ ಅವರ ಹೆಸರು ಅಮೆರಿಕದ ರಾಷ್ಟ್ರೀಯ ವಿಮಾನಯಾನ ಕೀರ್ತಿಭವನಕ್ಕೆ ಸೇರಿತು. ಅಪೊಲೊ ಗಗನಯಾತ್ರಿಗಳು ಅಭ್ಯಾಸ ಮಾಡಿದ ಸಿಮ್ಯುಲೇಟರ್‌ಗಳನ್ನು ಅವರ ಹೆಸರನ್ನು ಹೊತ್ತ ಸಂಸ್ಥೆಯೇ ನಿರ್ಮಿಸಿತ್ತು. 1953ರಲ್ಲಿ ದಂಪತಿ ಸ್ಥಾಪಿಸಿದ ಲಿಂಕ್ ಪ್ರತಿಷ್ಠಾನವು ಸಂಶೋಧನೆಗೆ ನೆರವು ನೀಡುತ್ತ ಬಂದಿದೆ. ಲಿಂಕ್ ಅವರು 1981ರಲ್ಲಿ ತಮ್ಮ 77ನೇ ವಯಸ್ಸಿನಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲಿ ನಿಧನರಾದರು. ಆ ನಗರದ ವಿಮಾನ ನಿಲ್ದಾಣಕ್ಕೆ ಅವರ ಹೆಸರನ್ನಿಡಲಾಗಿದೆ.