ಸಕುಮಾ ತ್ಸುತೊಮು

ಸಕುಮಾ ತ್ಸುತೊಮು (ಸೆಪ್ಟೆಂಬರ್ 13, 1879 – ಏಪ್ರಿಲ್ 15, 1910) ಜಪಾನಿನ ಸಾಮ್ರಾಜ್ಯ ನೌಕಾಪಡೆಯ ಅಧಿಕಾರಿ ಮತ್ತು ಆ ದೇಶದ ಮೊದಲ ತಲೆಮಾರಿನ ಜಲಾಂತರ್ಗಾಮಿ ನಾಯಕರಲ್ಲಿ ಒಬ್ಬರು. ಇವರ ನೇತೃತ್ವದಲ್ಲಿದ್ದ 6ನೆಯ ಸಂಖ್ಯೆಯ ಜಲಾಂತರ್ಗಾಮಿ 1910ರಲ್ಲಿ ಹಿರೋಶಿಮಾ ಕೊಲ್ಲಿಯಲ್ಲಿ ತರಬೇತಿಯ ವೇಳೆ ಮುಳುಗಿ, ಅದರಲ್ಲಿದ್ದ 14 ಮಂದಿಯೂ ಮೃತರಾದರು. ಉಸಿರು ನಿಲ್ಲುವವರೆಗೂ ಸಕುಮಾ ಅವರು ತಮ್ಮ ಕೈಪುಸ್ತಕದಲ್ಲಿ ಅಪಘಾತದ ಕಾರಣ ಮತ್ತು ವಿವರಗಳನ್ನು ಬರೆದಿಟ್ಟರು. ಈ ಬರಹದಿಂದ ಅವರ ಹೆಸರು ಜಪಾನಿನಲ್ಲಿಯೂ ಹೊರದೇಶಗಳಲ್ಲಿಯೂ ಪ್ರಸಿದ್ಧವಾಯಿತು. ಜಪಾನೀ ಪದ್ಧತಿಯಂತೆ ಮೊದಲು ಬರುವ ಸಕುಮಾ ಎಂಬುದು ಮನೆತನದ ಹೆಸರು. ತ್ಸುತೊಮು ಎಂಬುದು ವ್ಯಕ್ತಿನಾಮ.

ಜನನ ಮತ್ತು ವಿದ್ಯಾಭ್ಯಾಸ

ಸಕುಮಾ ಅವರು ಜಪಾನಿನ ಫುಕುಯಿ ಪ್ರಾಂತ್ಯದ ಮಿಕಾತಾ ಪ್ರದೇಶದಲ್ಲಿ ಜನಿಸಿದರು. ಆ ಊರು ಈಗ ವಾಕಾಸಾ ಪಟ್ಟಣದ ವ್ಯಾಪ್ತಿಗೆ ಸೇರಿದೆ. ತಂದೆ ಊರಿನ ಶಿಂಟೋ ದೇವಾಲಯದ ಅರ್ಚಕರಾಗಿದ್ದರು. ಒಬಾಮಾ ಪಟ್ಟಣದ ಮಾಧ್ಯಮಿಕ ಶಾಲೆಯಲ್ಲಿ ಓದಿದ ಬಳಿಕ ಅವರು ಎತಾಜಿಮಾದ ನೌಕಾ ಅಕಾಡೆಮಿಯನ್ನು ಸೇರಿದರು. ಅಲ್ಲಿನ 29ನೆಯ ತಂಡದ ವಿದ್ಯಾರ್ಥಿಯಾಗಿ 1901ರಲ್ಲಿ ತೇರ್ಗಡೆ ಹೊಂದಿದರು. ಶಾಲಾ ದಿನಗಳ ಗುರುಗಳ ಮೇಲೆ ಅವರಿಗಿದ್ದ ಗೌರವ ಕೊನೆಯವರೆಗೂ ಉಳಿಯಿತು. ಸಾವಿನ ಕ್ಷಣದಲ್ಲಿ ಬರೆದ ಟಿಪ್ಪಣಿಯಲ್ಲಿಯೂ ಅವರು ತಮ್ಮ ಗುರುಗಳನ್ನು ಹೆಸರಿಸಿ ನಮಸ್ಕಾರ ಸಲ್ಲಿಸಿದ್ದಾರೆ.

ನೌಕಾ ಸೇವೆ ಮತ್ತು ಕುಟುಂಬ

1904ರಲ್ಲಿ ರಷ್ಯಾ-ಜಪಾನ್ ಯುದ್ಧ ಆರಂಭವಾಯಿತು. ಸಕುಮಾ ಅವರು ಕಾಸಾಗಿ ಎಂಬ ಕ್ರೂಸರ್ ನೌಕೆಯಲ್ಲಿ ಸೇವೆ ಸಲ್ಲಿಸುತ್ತ, 1905ರ ಮೇ ತಿಂಗಳಿನಲ್ಲಿ ನಡೆದ ತ್ಸುಶಿಮಾ ಕದನದಲ್ಲಿ ಭಾಗವಹಿಸಿದರು. ಈ ಕದನದಲ್ಲಿ ರಷ್ಯಾದ ಬಾಲ್ಟಿಕ್ ನೌಕಾಬಲ ಸಂಪೂರ್ಣವಾಗಿ ಸೋತಿತು. ಯುದ್ಧದ ನಂತರ, 1906ರಲ್ಲಿ ಅವರನ್ನು ಜಲಾಂತರ್ಗಾಮಿ ವಿಭಾಗಕ್ಕೆ ನಿಯೋಜಿಸಲಾಯಿತು. ಆಗ ಆ ವಿಭಾಗ ಹುಟ್ಟಿ ಹೆಚ್ಚು ಕಾಲವಾಗಿರಲಿಲ್ಲ. ದೊಡ್ಡ ಯುದ್ಧನೌಕೆಗಳಲ್ಲಿ ದೊರೆಯುವ ಕೀರ್ತಿ ಅಲ್ಲಿರಲಿಲ್ಲ; ಇಕ್ಕಟ್ಟು, ಪೆಟ್ರೋಲಿನ ವಾಸನೆ ಮತ್ತು ಅಪಾಯಗಳು ನಿತ್ಯದ ಸಂಗತಿಗಳಾಗಿದ್ದವು. ಮನೆಯಿಂದ ಹೊರಡುವಾಗಲೆಲ್ಲ ಮರಳಿ ಬಾರದಿರುವ ಸಾಧ್ಯತೆಗೆ ತಾವು ಸಿದ್ಧರಾಗಿಯೇ ಇರುತ್ತಿದ್ದುದಾಗಿ ಅವರು ತಮ್ಮ ಕೊನೆಯ ಬರಹದಲ್ಲಿ ತಿಳಿಸಿದ್ದಾರೆ.

ಸಕುಮಾ ಅವರ ವೈವಾಹಿಕ ಜೀವನ ಅಲ್ಪಕಾಲದ್ದು. ಮಗಳು ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಪತ್ನಿ ತೀರಿಕೊಂಡರು. ಮುಂದೆ ತಂದೆಯೂ ಮಡಿದಾಗ ಆ ಮಗು ಇನ್ನೂ ಎಳೆಯ ವಯಸ್ಸಿನದಾಗಿತ್ತು.

ಜಪಾನಿನ ಆರಂಭದ ಜಲಾಂತರ್ಗಾಮಿಗಳು

ಜಪಾನ್ ತನ್ನ ಮೊದಲ ಐದು ಜಲಾಂತರ್ಗಾಮಿಗಳನ್ನು 1904ರಲ್ಲಿ ಅಮೆರಿಕದ ಎಲೆಕ್ಟ್ರಿಕ್ ಬೋಟ್ ಕಂಪನಿಯಿಂದ ಖರೀದಿಸಿತು. ಅವು ಐರ್ಲೆಂಡ್ ಮೂಲದ ಸಂಶೋಧಕ ಜಾನ್ ಫಿಲಿಪ್ ಹಾಲೆಂಡ್ ಅವರ ವಿನ್ಯಾಸವನ್ನು ಆಧರಿಸಿದ್ದವು. ಬಿಡಿಭಾಗಗಳಾಗಿ ಬಂದ ಈ ನೌಕೆಗಳನ್ನು ಯೊಕೊಸುಕಾ ಬಂದರಿನಲ್ಲಿ ಜೋಡಿಸಲಾಯಿತು. ಆದರೆ ಅವು ಸಿದ್ಧವಾಗುವ ವೇಳೆಗೆ ರಷ್ಯಾದೊಡನೆ ಯುದ್ಧ ಮುಗಿಯುತ್ತ ಬಂದಿದ್ದುದರಿಂದ ಕದನದಲ್ಲಿ ಬಳಕೆಯಾಗಲಿಲ್ಲ.

ಇದೇ ವೇಳೆಗೆ ಕೋಬೆ ನಗರದ ಕವಾಸಾಕಿ ಹಡಗುಕಟ್ಟೆಯಲ್ಲಿ ಹಾಲೆಂಡ್ ಅವರು ಒದಗಿಸಿದ ನಕ್ಷೆಗಳ ಆಧಾರದ ಮೇಲೆ 6 ಮತ್ತು 7ನೆಯ ಸಂಖ್ಯೆಯ ನೌಕೆಗಳನ್ನು ನಿರ್ಮಿಸಲಾಯಿತು. ಜಪಾನಿನ ನೆಲದಲ್ಲಿಯೇ ಕಟ್ಟಲಾದ ಮೊದಲ ಜಲಾಂತರ್ಗಾಮಿಗಳು ಇವು. 1906ರಲ್ಲಿ ಸೇವೆಗೆ ಸೇರಿದ 6ನೆಯ ಸಂಖ್ಯೆಯ ನೌಕೆಯ ಉದ್ದ ಸುಮಾರು 22 ಮೀಟರ್. ನೀರಿನ ಮೇಲೆ ಅದರ ತೂಕ 57 ಟನ್. ಒಂದೇ ಒಂದು ಟಾರ್ಪಿಡೊ ಕೊಳವೆಯಿದ್ದ ಈ ನೌಕೆ ಅಮೆರಿಕದಿಂದ ಬಂದವುಗಳಿಗಿಂತಲೂ ಹಗುರವಾಗಿತ್ತು. ನೀರಿನ ಮೇಲೆ ಚಲಿಸಲು ಪೆಟ್ರೋಲ್ ಎಂಜಿನ್, ಮುಳುಗಿದಾಗ ಚಲಿಸಲು ಬ್ಯಾಟರಿಯಿಂದ ನಡೆಯುವ ವಿದ್ಯುತ್ ಮೋಟಾರು ಇದ್ದವು.

ಪೆಟ್ರೋಲ್ ಎಂಜಿನ್ನಿಗೆ ಗಾಳಿ ಅತ್ಯಗತ್ಯ. ಬ್ಯಾಟರಿಯ ಶಕ್ತಿಯೋ ಬಹಳ ಸೀಮಿತ. ಆದ್ದರಿಂದ ನೌಕೆಯನ್ನು ಸ್ವಲ್ಪ ಮಾತ್ರ ಮುಳುಗಿಸಿ, ಗಾಳಿಕೊಳವೆಯ ತುದಿಯನ್ನು ನೀರಿನ ಮೇಲೆ ಉಳಿಸಿಕೊಂಡು ಪೆಟ್ರೋಲ್ ಎಂಜಿನ್ನಿನಿಂದಲೇ ಚಲಿಸುವ ಕ್ರಮವನ್ನು ಪರೀಕ್ಷಿಸಲಾಗುತ್ತಿತ್ತು. ಹಲವು ವರ್ಷಗಳ ನಂತರ ಇತರ ದೇಶಗಳ ನೌಕಾಪಡೆಗಳು ಬಳಕೆಗೆ ತಂದ ಸ್ನಾರ್ಕಲ್ ಸಾಧನದ ಮೂಲ ಕಲ್ಪನೆಯೂ ಇದೇ. ಕೊಳವೆಯ ತುದಿ ಅಲೆಗಳ ಕೆಳಗೆ ಹೋದರೆ ನೀರು ನೇರವಾಗಿ ಒಳಗೆ ನುಗ್ಗುವುದು ಈ ಕ್ರಮದ ದೊಡ್ಡ ಅಪಾಯವಾಗಿತ್ತು.

1910ರ ದುರಂತ

1910ರ ಏಪ್ರಿಲ್ 15ರ ಬೆಳಿಗ್ಗೆ 6ನೆಯ ಸಂಖ್ಯೆಯ ನೌಕೆ ಇವಾಕುನಿ ಬಳಿಯ ಸಮುದ್ರದಲ್ಲಿ ಈ ಬಗೆಯ ಅಭ್ಯಾಸವನ್ನು ಆರಂಭಿಸಿತು. ಸುಮಾರು ಹತ್ತು ಗಂಟೆಯ ವೇಳೆಗೆ ನೌಕೆ ಉದ್ದೇಶಿಸಿದ್ದಕ್ಕಿಂತ ಹೆಚ್ಚು ಆಳಕ್ಕೆ ಇಳಿಯಿತು. ಗಾಳಿಕೊಳವೆಯ ಮೂಲಕ ನೀರು ಒಳಗೆ ನುಗ್ಗತೊಡಗಿತು. ಕೊಳವೆಯ ತಡೆಬಾಗಿಲನ್ನು ಮುಚ್ಚಲು ಯತ್ನಿಸಿದಾಗ ಅದನ್ನು ಎಳೆಯುವ ಸರಪಳಿ ಕೈಕೊಟ್ಟಿತು. ಸಿಬ್ಬಂದಿ ಕೈಯಿಂದಲೇ ಅದನ್ನು ಮುಚ್ಚುವಷ್ಟರಲ್ಲಿ ಹಿಂಭಾಗದಲ್ಲಿ ನೀರು ತುಂಬಿ, ನೌಕೆ ಹಿಂಬದಿಗೆ ವಾಲಿಕೊಂಡು ತಳ ಸೇರಿತು. ಅಲ್ಲಿನ ಆಳ ಇಪ್ಪತ್ತು ಮೀಟರಿನೊಳಗೇ ಇತ್ತು. ಆದರೆ ಆ ಕಾಲದ ಜಲಾಂತರ್ಗಾಮಿಗಳಲ್ಲಿ ಅಷ್ಟು ಆಳದಿಂದ ಹೊರಬರಲು ಯಾವ ಸಾಧನವೂ ಇರಲಿಲ್ಲ.

ವಿದ್ಯುತ್ ಫಲಕ ನೀರಿನಲ್ಲಿ ಮುಳುಗಿದ್ದರಿಂದ ದೀಪಗಳು ಆರಿದವು; ಸುಟ್ಟ ತಂತಿಗಳಿಂದ ವಿಷಗಾಳಿ ಎದ್ದಿತು. ಸಿಬ್ಬಂದಿ ಕತ್ತಲಿನಲ್ಲಿಯೇ ಕೈಪಂಪಿನಿಂದ ನಿಲುಭಾರದ ತೊಟ್ಟಿಯ ನೀರನ್ನು ಹೊರಹಾಕಲು ಶ್ರಮಿಸಿದರು. ಆದರೂ ನೌಕೆ ಮೇಲೇಳಲಿಲ್ಲ. ಭಾರ ಕಡಿಮೆ ಮಾಡಲು ಪೆಟ್ರೋಲನ್ನು ಹೊರಹಾಕುವ ಪ್ರಯತ್ನವೂ ಫಲಿಸಲಿಲ್ಲ. ಇಂಧನದ ಕೊಳವೆ ಒಡೆದು ಅದರ ಆವಿ ಒಳಗೆಲ್ಲ ಹರಡಿತು.

ಸಹಾಯಕ ಹಡಗಾದ ರೆಕಿಜಾನ್ ಮಾರುವಿನಲ್ಲಿದ್ದವರಿಗೆ ಅಪಘಾತದ ಅರಿವು ತಕ್ಷಣ ಆಗಲಿಲ್ಲ. ಸಕುಮಾ ಅವರು ದೀರ್ಘಕಾಲ ಮುಳುಗಿರುವ ಅಭ್ಯಾಸವನ್ನು ಆಗಾಗ ನಡೆಸುತ್ತಿದ್ದುದರಿಂದ, ನೌಕೆ ಕಾಣದಿದ್ದುದನ್ನು ಮೊದಲು ಯಾರೂ ಅಸಹಜವೆಂದು ಭಾವಿಸಲಿಲ್ಲ. ಮುಳುಗಿದ ನೌಕೆ ಮರುದಿನ ಪತ್ತೆಯಾಯಿತು. ಏಪ್ರಿಲ್ 17ರಂದು ಅದನ್ನು ಮೇಲೆತ್ತಿ ತೆರೆಯಲಾಯಿತು.

ಮುಚ್ಚಳ ತೆರೆಯುವ ಮುನ್ನ ಅಧಿಕಾರಿಗಳಲ್ಲಿ ಆತಂಕವಿತ್ತು. ಸಾಯುವ ಭಯದಲ್ಲಿ ಮನುಷ್ಯರು ಹೊರದಾರಿಯ ಬಳಿ ಮುಗಿಬೀಳುವುದು ಸಹಜವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಳಗೆ ಕಂಡ ದೃಶ್ಯ ಬೇರೆಯಾಗಿತ್ತು. ಸಕುಮಾ ಅವರು ವೀಕ್ಷಣಾ ಗೋಪುರದಲ್ಲಿದ್ದರು. ಉಳಿದವರಲ್ಲಿ ಬಹುತೇಕರು ತಮಗೆ ನೇಮಿಸಿದ ಸ್ಥಳಗಳಲ್ಲಿಯೇ ಇದ್ದರು. ಸ್ಥಾನ ಬಿಟ್ಟಿದ್ದ ಇಬ್ಬರು ಒಡೆದ ಪೆಟ್ರೋಲ್ ಕೊಳವೆಯ ಬಳಿ ಇದ್ದರು. ಅದನ್ನು ಸರಿಪಡಿಸುವ ಕೆಲಸದಲ್ಲಿಯೇ ಅವರು ಪ್ರಾಣ ಬಿಟ್ಟಿದ್ದರು.

ಕೊನೆಯ ಟಿಪ್ಪಣಿ

ಸಕುಮಾ ಅವರ ಉಡುಪಿನಲ್ಲಿ ಚಿಕ್ಕ ಕೈಪುಸ್ತಕವೊಂದು ದೊರೆಯಿತು. ಗೋಪುರದ ಗಾಜಿನ ಮೂಲಕ ಬರುತ್ತಿದ್ದ ಮಂದ ಬೆಳಕಿನಲ್ಲಿ ಪೆನ್ಸಿಲಿನಿಂದ ಬರೆದ ಆ ಟಿಪ್ಪಣಿ 39 ಪುಟಗಳಷ್ಟಿತ್ತು. ಚಕ್ರವರ್ತಿಯ ನೌಕೆಯನ್ನು ಮುಳುಗಿಸಿದ್ದಕ್ಕಾಗಿ ಮತ್ತು ಕೈಕೆಳಗಿನವರ ಸಾವಿಗೆ ಕಾರಣನಾದುದಕ್ಕಾಗಿ ಕ್ಷಮೆ ಕೇಳುವುದರಿಂದ ಬರಹ ಆರಂಭವಾಗುತ್ತದೆ. ಸಿಬ್ಬಂದಿಯೆಲ್ಲರೂ ಕೊನೆಯವರೆಗೆ ಶಾಂತಚಿತ್ತರಾಗಿ ಕರ್ತವ್ಯ ಮಾಡಿದರೆಂದು ಅವರು ದಾಖಲಿಸಿದ್ದಾರೆ.

ತಮ್ಮ ಸಾವಿಗಿಂತ ಜಲಾಂತರ್ಗಾಮಿಗಳ ಭವಿಷ್ಯ ಅವರನ್ನು ಹೆಚ್ಚು ಕಾಡಿತ್ತು. ಈ ಅಪಘಾತವನ್ನು ತಪ್ಪಾಗಿ ಅರ್ಥೈಸಿ, ಹೊಸ ಬಗೆಯ ನೌಕೆಗಳ ಅಧ್ಯಯನಕ್ಕೆ ತಡೆಯಾಗಬಾರದೆಂದು ಅವರು ಬೇಡಿಕೊಂಡಿದ್ದಾರೆ. ಮುಂದಿನ ಪುಟಗಳಲ್ಲಿ ನೀರು ಹೇಗೆ ನುಗ್ಗಿತು, ತಡೆಬಾಗಿಲಿನ ಸರಪಳಿ ಹೇಗೆ ವಿಫಲವಾಯಿತು, ದೀಪಗಳು ಏಕೆ ಆರಿದವು, ಪಂಪಿನಿಂದ ಎಷ್ಟು ಕೆಲಸ ಸಾಧ್ಯವಾಯಿತು ಎಂಬ ತಾಂತ್ರಿಕ ವಿವರಗಳಿವೆ. ಇಂಥ ನೌಕೆಗಳಿಗೆ ಆಯ್ಕೆಯಾಗುವ ಸಿಬ್ಬಂದಿ ಧೈರ್ಯವಂತರಾಗಿದ್ದರಷ್ಟೇ ಸಾಲದು, ಸೂಕ್ಷ್ಮವಾಗಿ ಕೆಲಸ ಮಾಡುವವರೂ ಆಗಿರಬೇಕೆಂಬ ಸಲಹೆಯೂ ಇದೆ.

ಆಮೇಲೆ ಅವರು ಚಕ್ರವರ್ತಿಗೆ ಒಂದು ಮನವಿ ಸಲ್ಲಿಸಿದ್ದಾರೆ. ಮಡಿದವರ ಕುಟುಂಬಗಳು ಬಡತನಕ್ಕೆ ಬೀಳದಂತೆ ನೋಡಿಕೊಳ್ಳಬೇಕು, ತಮ್ಮ ಮನಸ್ಸಿನಲ್ಲಿ ಉಳಿದ ಚಿಂತೆ ಇದೊಂದೇ ಎಂಬುದು ಅದರ ಸಾರ. ಬಳಿಕ ಮೇಲಧಿಕಾರಿಗಳ ಮತ್ತು ಗುರುಗಳ ಹೆಸರುಗಳಿವೆ. ಉಸಿರಾಟ ಕಷ್ಟವಾಗುತ್ತಿರುವುದನ್ನೂ ಪೆಟ್ರೋಲಿನ ಆವಿಯಿಂದ ಮಂಪರು ಕವಿಯುತ್ತಿರುವುದನ್ನೂ ಹೇಳಿ, ಹನ್ನೆರಡು ಗಂಟೆ ನಲವತ್ತು ನಿಮಿಷ ಎಂಬ ಸಮಯವನ್ನು ಗುರುತಿಸುವುದರೊಂದಿಗೆ ಬರಹ ನಿಲ್ಲುತ್ತದೆ. ಆಗ ಅವರ ವಯಸ್ಸು 30.

ಪ್ರತಿಕ್ರಿಯೆ

ಟಿಪ್ಪಣಿ ಪ್ರಕಟವಾದಾಗ ಜಪಾನಿನಾದ್ಯಂತ ಶೋಕ ವ್ಯಕ್ತವಾಯಿತು. ಮೃತರ ಕುಟುಂಬಗಳಿಗಾಗಿ ಸಾರ್ವಜನಿಕರಿಂದ ದೇಣಿಗೆ ಸಂಗ್ರಹವಾಯಿತು. ಕಾದಂಬರಿಕಾರ ನತ್ಸುಮೆ ಸೊಸೆಕಿ ಈ ಬರಹದ ಕುರಿತು ಪ್ರಬಂಧ ಬರೆದರು. ಕವಯಿತ್ರಿ ಯೊಸಾನೊ ಅಕಿಕೊ ಮೃತರ ನೆನಪಿನಲ್ಲಿ ಕವಿತೆಗಳನ್ನು ರಚಿಸಿದರು.

ಈ ಪ್ರಸಂಗವನ್ನು ಶಾಲೆಗಳ ನೀತಿಪಾಠದ ಪುಸ್ತಕಗಳಲ್ಲಿಯೂ ಸೇರಿಸಲಾಯಿತು. ಸೈನಿಕ ಮನೋಭಾವ ಬಲವಾಗುತ್ತಿದ್ದ ಆ ಕಾಲದ ಪಾಠಗಳಲ್ಲಿ ಕರ್ತವ್ಯ ಮತ್ತು ರಾಜಭಕ್ತಿಗಳಿಗೆ ಹೆಚ್ಚು ಒತ್ತು ದೊರೆಯಿತು. ಸಕುಮಾ ಅವರು ಕೊನೆಯ ಗಳಿಗೆಯಲ್ಲಿ ಬರೆದ ಯಂತ್ರದೋಷದ ವಿವರಗಳು ಮತ್ತು ಬಡ ಕುಟುಂಬಗಳ ಬಗೆಗಿನ ಕಳಕಳಿ ಅದರ ಮುಂದೆ ಹಿಂದೆ ಸರಿದವು. ಎರಡನೆಯ ಮಹಾಯುದ್ಧದ ನಂತರ ಈ ಪಾಠ ಪುಸ್ತಕಗಳಿಂದ ಮರೆಯಾಯಿತು.

ಆ ಕಾಲದಲ್ಲಿ ಇಂಥ ಅಪಘಾತಗಳು ಜಪಾನಿಗಷ್ಟೇ ಸೀಮಿತವಾಗಿರಲಿಲ್ಲ. ಬ್ರಿಟನ್ನಿನ ಎ-1 ನೌಕೆ 1904ರಲ್ಲಿ, ಫ್ರಾನ್ಸಿನ ಫಾರ್ಫಾದೆ 1905ರಲ್ಲಿ ಮುಳುಗಿದ್ದವು. ಸಕುಮಾ ಅವರ ಸಾವಿನ ಮರು ತಿಂಗಳೇ ಫ್ರಾನ್ಸಿನ ಪ್ಲುವಿಯೋಜ್ ನೌಕೆ ಕಲೇ ಬಂದರಿನ ಬಳಿ ಮುಳುಗಿತು.

ನಂತರದ ಬೆಳವಣಿಗೆ

ಸಕುಮಾ ಅವರು ಬಯಸಿದ್ದಂತೆ ಜಪಾನಿನಲ್ಲಿ ಜಲಾಂತರ್ಗಾಮಿಗಳ ಅಧ್ಯಯನ ನಿಲ್ಲಲಿಲ್ಲ. ಬ್ರಿಟನ್ನಿನ ವಿಕರ್ಸ್ ಮತ್ತು ಫ್ರಾನ್ಸಿನ ಶ್ನೈಡರ್ ಕಂಪನಿಗಳ ವಿನ್ಯಾಸಗಳನ್ನು ತರಿಸಿ ಪರಿಶೀಲಿಸಲಾಯಿತು. ಈ ಅನುಭವದಿಂದ ಕೈಚು ಎಂಬ ವರ್ಗ ರೂಪುಗೊಂಡಿತು. ನೌಕಾಪಡೆಯ ಮಧ್ಯಮ ಗಾತ್ರದ ಮಾದರಿ ಎಂಬುದು ಈ ಹೆಸರಿನ ಅರ್ಥ. ಶ್ನೈಡರ್ ವಿನ್ಯಾಸವನ್ನು ಜಪಾನಿನ ಅಗತ್ಯಗಳಿಗೆ ತಕ್ಕಂತೆ ಮಾರ್ಪಡಿಸಿ, ಈ ವರ್ಗದ ಮೊದಲ ಎರಡು ನೌಕೆಗಳಾದ 19 ಮತ್ತು 20ನೆಯ ಸಂಖ್ಯೆಯವುಗಳನ್ನು ಕುರೆ ನೌಕಾ ಕಾರ್ಖಾನೆಯಲ್ಲಿ ನಿರ್ಮಿಸಲಾಯಿತು. ಅವು 1919ರಲ್ಲಿ ಪೂರ್ಣಗೊಂಡವು. ನೀರಿನ ಮೇಲೆ 700 ಟನ್ನಿಗೂ ಹೆಚ್ಚು ತೂಗುತ್ತಿದ್ದ ಇವು ಸಕುಮಾ ಅವರ ನೌಕೆಗಿಂತ ಹನ್ನೆರಡು ಪಟ್ಟಿಗೂ ಹೆಚ್ಚು ಭಾರವಾಗಿದ್ದವು. ಇವುಗಳಲ್ಲಿ ಪೆಟ್ರೋಲಿಗೆ ಬದಲು ಡೀಸೆಲ್ ಎಂಜಿನ್ ಇದ್ದುದರಿಂದ ಆವಿ ಹರಡಿ ಬೆಂಕಿ ಹೊತ್ತುವ ಅಪಾಯ ಕಡಿಮೆಯಾಯಿತು. 1924ರಲ್ಲಿ ಹೆಸರಿಡುವ ಕ್ರಮ ಬದಲಾಗಿ ಇವುಗಳಿಗೆ ರೊ-11 ಮತ್ತು ರೊ-12 ಎಂಬ ಹೆಸರುಗಳು ಬಂದವು.

ಆದರೂ ಅಪಾಯ ಪೂರ್ಣವಾಗಿ ನೀಗಲಿಲ್ಲ. 70ನೆಯ ಸಂಖ್ಯೆಯ ನೌಕೆ 1923ರಲ್ಲಿ ಪರೀಕ್ಷೆಯ ವೇಳೆ ಮುಳುಗಿತು. 43ನೆಯ ಸಂಖ್ಯೆಯದು 1924ರ ಮಾರ್ಚಿನಲ್ಲಿ ಸಾಸೆಬೊ ಬಳಿ ತತ್ಸುತಾ ಎಂಬ ಕ್ರೂಸರ್‌ಗೆ ಡಿಕ್ಕಿ ಹೊಡೆದು ಮುಳುಗಿತು. ಇದರೊಳಗೆ ಸಿಲುಕಿದ್ದವರು ತೇಲುಬುರುಡೆಯ ದೂರವಾಣಿಯ ಮೂಲಕ ಮೇಲಿನವರೊಡನೆ ಮಾತನಾಡಿದರು. ಸಕುಮಾ ಅವರ ನೌಕೆಯಲ್ಲಿ ಇಂಥ ಸೌಲಭ್ಯವಿರಲಿಲ್ಲ. ಆದರೆ ಈ ಬಾರಿಯೂ ಅವರನ್ನು ಉಳಿಸಲಾಗಲಿಲ್ಲ.

ಸ್ಮಾರಕಗಳು

ಮೇಲೆತ್ತಿದ 6ನೆಯ ಸಂಖ್ಯೆಯ ನೌಕೆಯನ್ನು ದುರಸ್ತಿ ಮಾಡಿ ಮತ್ತೆ ಸೇವೆಗೆ ಬಳಸಲಾಯಿತು. 1920ರಲ್ಲಿ ನಿವೃತ್ತಿಗೊಂಡ ಅದನ್ನು ಕುರೆಯ ಜಲಾಂತರ್ಗಾಮಿ ಶಾಲೆಯ ಆವರಣದಲ್ಲಿ ಸ್ಮಾರಕವಾಗಿ ಇರಿಸಲಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅದನ್ನು ಒಡೆದು ಹಾಕಲಾಯಿತು. ಕುರೆ ನಗರದಲ್ಲಿ ಮಡಿದ 14 ಮಂದಿಯ ನೆನಪಿನ ಸ್ತಂಭವಿದೆ. ಹುಟ್ಟೂರಾದ ವಾಕಾಸಾದಲ್ಲಿ ಸಕುಮಾ ಅವರ ಹೆಸರಿನ ಸ್ಮಾರಕ ಭವನವಿದ್ದು, ಪ್ರತಿವರ್ಷ ಏಪ್ರಿಲ್ 15ರಂದು ಅಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ.