ಪಂಡಿತಾ ರಮಾಬಾಯಿಯವರು ಆರಿಸಿಕೊಂಡ ಸಂಪತ್ತು

ನಮ್ಮ ಆದಿತ್ಯನಗರದ ನೆರೆಯಲ್ಲಿ, ಕಾಗಿಣಾ ನದಿಯ ದಡದ ಮೇಲೆ, ಮಳಖೇಡವೆಂಬ ಊರಿರುವದನ್ನು ಈ ಶಾಲೆಯಲ್ಲಿ ಕಲಿತು ಹೋದವರೆಲ್ಲರೂ ಬಲ್ಲರು. ಒಂದು ಕಾಲದಲ್ಲಿ ಅದು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ೯೭೨ನೆಯ ಇಸವಿಯಲ್ಲಿ ಮಾಳವದ ಅರಸನಾದ ಸೀಯಕನು ಅದನ್ನು ಸೂರೆಮಾಡಿದನು. ಆ ಅರಮನೆಯ ಪೊನ್ನು ಎಲ್ಲಿಗೆ ಹೋಯಿತೋ ಈಗ ಹೇಳುವವರಿಲ್ಲ. ಆದರೆ ಅದೇ ಊರಿನಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು ನಮ್ಮ ಮಕ್ಕಳು ಇಂದಿಗೂ ಹೆಸರಿಸುತ್ತಾರೆ. ಐಶ್ವರ್ಯವು ಕಳೆಯಿತು, ಅರಿವು ಉಳಿಯಿತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಾವು ಇಲ್ಲಿ ಒಬ್ಬ ಮಹನೀಯಳ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕೆಂದಿದ್ದೇವೆ. ಆಕೆ ಕನ್ನಡನಾಡಿನಲ್ಲಿ ಹುಟ್ಟಿದವಳು. ಆಕೆಯ ಅತಿ ದೊಡ್ಡ ದುಃಖಗಳಲ್ಲೊಂದು ನಮ್ಮ ಸೀಮೆಯಲ್ಲಿಯೇ ಸಂಭವಿಸಿತು. ಆಕೆಯ ಕಡೆಯ ದಿನಗಳ ಕೆಲಸದ ಒಂದು ಕೊಂಬೆಯು ನಮ್ಮ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿಯೇ ಚಿಗುರಿತು. ಆಕೆಯೇ ಪಂಡಿತಾ ರಮಾಬಾಯಿ.

ರಮಾಬಾಯಿಯವರು ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಎಂಬ ಊರಿನವರು. ಅವರು ಬಾಲ್ಯದಲ್ಲಿ ಪುಣೆಗೆ ಹೋಗಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶವೆಯವರ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುವದನ್ನು ಕಂಡು, ತಾವೂ ತಮ್ಮ ಹೆಂಡತಿಗೆ ಕಲಿಸುವೆವೆಂದು ನಿಶ್ಚಯಿಸಿಕೊಂಡರು. ಹಾಗೆಯೇ ಪತ್ನಿಯಾದ ಲಕ್ಷ್ಮೀಬಾಯಿಗೆ ಶಾಸ್ತ್ರಪಾಠವನ್ನು ಹೇಳಲು, ಊರಿನವರು ಅದನ್ನು ದೊಡ್ಡ ಅಪರಾಧವೆಂದೆಣಿಸಿದರು. ಉಡುಪಿಯ ವಿದ್ವತ್ಸಭೆಯ ಮುಂದೆ ನಿಂತು, ಸ್ತ್ರೀಯರು ಸಂಸ್ಕೃತವನ್ನು ಓದಬಹುದೆಂಬುದನ್ನು ಅವರು ಶಾಸ್ತ್ರಗಳಿಂದಲೇ ಸಮರ್ಥಿಸಬೇಕಾಯಿತು. ಅನಂತರ ಊರಿನ ಗದ್ದಲವನ್ನು ಬಿಟ್ಟು ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡು ನೆಲಸಿದರು. ಅಲ್ಲಿ ಬಂದ ಅತಿಥಿಗಳಿಗೂ ವಿದ್ಯಾರ್ಥಿಗಳಿಗೂ ಅನ್ನವಿಕ್ಕುತ್ತ ಇದ್ದ ಆಸ್ತಿಯು ಕರಗಿ, ಸಾಲವು ಬೆಳೆಯಿತು. ರಮಾಬಾಯಿಯು ಇನ್ನೂ ಕೂಸಾಗಿದ್ದಾಗಲೇ ಮನೆಮಂದಿಯೆಲ್ಲ ತೀರ್ಥಯಾತ್ರೆಗೆ ಹೊರಟು, ದೇವಾಲಯಗಳಲ್ಲಿ ಪುರಾಣವನ್ನೋದಿ, ಬಂದ ಕಾಣಿಕೆಯಿಂದ ಜೀವಿಸತೊಡಗಿದರು. ತಾಯಿಯು ಬೆಳಗಾಗುವ ಮುಂಚೆಯೇ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದಳು. ಹನ್ನೆರಡು ವರುಷ ತುಂಬುವದರೊಳಗೆ ಸುಮಾರು ೧೮,೦೦೦ ಶ್ಲೋಕಗಳು ಆ ಹುಡುಗಿಗೆ ಕಂಠಪಾಠವಾಗಿದ್ದವೆಂದು ಪ್ರಸಿದ್ಧಿಯುಂಟು.

ಬಳಿಕ ಕ್ಷಾಮವು ಬಂದಿತು. ಕಯ್ಯಲ್ಲಿದ್ದ ಹಣವೂ ಒಡವೆಯೂ ಪಾತ್ರೆಗಳೂ ಒಂದೊಂದಾಗಿ ಹೋದವು. ಕೂಲಿ ಮಾಡುವದಕ್ಕೆ ಅಭ್ಯಾಸವಿಲ್ಲ, ಬೇಡುವದಕ್ಕೆ ಅಭಿಮಾನವು ಬಿಡದು. ಹೀಗಾಗಿ ಅವರು ಕಾಡಿನ ಎಲೆಗಳನ್ನು ತಿಂದು ದಿನ ಕಳೆದರು. ೧೮೭೪ರಲ್ಲಿ ತಂದೆಯು ತೀರಿಕೊಂಡರು. ಉಳಿದವರು ನಡೆಯುತ್ತ ನಡೆಯುತ್ತ ಆಗ ನಿಜಾಮರ ಸೀಮೆಯಲ್ಲಿದ್ದ ರಾಯಚೂರಿಗೆ ಬಂದರು. ಅಲ್ಲಿ ತಾಯಿಯು ಜ್ವರದಿಂದ ಮಲಗಿ, ಹಸಿವಿನಿಂದ ಕನವರಿಸುತ್ತಿರಲು, ರಮಾಬಾಯಿಯು ನೆರೆಮನೆಗೆ ಹೋಗಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಬೇಡಬೇಕಾಯಿತು. ಸಾವಿರಾರು ಶ್ಲೋಕಗಳನ್ನು ತಡೆಯಿಲ್ಲದೆ ಹೇಳುವ ಆ ನಾಲಿಗೆಯು ಆ ಒಂದು ಮಾತನ್ನು ಹೇಳಲಾರದೆ ಹೋಯಿತು. ಆ ಮನೆಯ ತಾಯಿಯೇ ಅವಳ ಕಣ್ಣೀರನ್ನು ಕಂಡು, ತಿಳಿದುಕೊಂಡು ರೊಟ್ಟಿಯನ್ನು ಕೊಟ್ಟಳು. ಆದರೆ ತಿನ್ನುವ ಶಕ್ತಿಯು ರೋಗಿಗೆ ಉಳಿದಿರಲಿಲ್ಲ, ಅವಳು ತೀರಿಕೊಂಡಳು. ಕೆಲವು ಕಾಲದ ಮೇಲೆ ಅಕ್ಕನೂ ಸತ್ತಳು. ಅಣ್ಣನಾದ ಶ್ರೀನಿವಾಸನೂ ರಮಾಬಾಯಿಯೂ ಇಬ್ಬರೇ ಉಳಿದು, ಉತ್ತರ ದಿಕ್ಕಿಗೆ ಸಾವಿರಾರು ಮೈಲು ಕಾಲ್ನಡಿಗೆಯಲ್ಲಿ ಅಲೆದರು.

೧೮೭೮ರಲ್ಲಿ ಅಣ್ಣತಂಗಿಯರು ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರುಷದ ಕನ್ಯೆಯು ಸಂಸ್ಕೃತದಲ್ಲಿ ಸರಾಗವಾಗಿ ಉಪನ್ಯಾಸ ಮಾಡುವದನ್ನು ಕಂಡು ಅಲ್ಲಿಯ ವಿದ್ವಾಂಸರು ಬೆರಗಾಗಿ, ಆಕೆಗೆ ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟರು. ಪಟ್ಟಣವೆಲ್ಲ ಹೊಗಳಿತು. ಆದರೆ ಮಾನದ ಹಿಂದೆಯೇ ಶೋಕವು ನಿಂತಿತ್ತು. ೧೮೮೦ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರುಷ ಆಕೆ ಬಂಗಾಲದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು, ಜಾತಿಯ ಭೇದವನ್ನೆಣಿಸದೆ ಮದುವೆಯಾದರು. ೧೮೮೧ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. ೧೮೮೨ರ ಫೆಬ್ರುವರಿಯಲ್ಲಿ ವಾಂತಿಭೇದಿಯ ರೋಗದಿಂದ ಗಂಡನು ಮರಣಹೊಂದಿದನು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ರಮಾಬಾಯಿಯವರು ಕೂಸನ್ನೆತ್ತಿಕೊಂಡ ವಿಧವೆಯಾದರು.

ಆ ವರುಷವೇ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದ ಮುಂದೆ, ಹೆಣ್ಣುಮಕ್ಕಳಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ಸಾಕ್ಷ್ಯ ಹೇಳಿದರು. ೧೮೮೩ರಲ್ಲಿ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಆದರೆ ಕಿವಿ ಮಂದವಾಗಿದ್ದುದರಿಂದ ಆ ಆಸೆಯು ಮುರಿದು ಬಿತ್ತು. ವಾಂಟೇಜ್ ಎಂಬಲ್ಲಿಯ ಕ್ರೈಸ್ತ ಸಹೋದರಿಯರ ಆಶ್ರಯದಲ್ಲಿದ್ದಾಗ, ದಾರಿತಪ್ಪಿದ ಹೆಂಗಸರನ್ನು ಅವರು ಅಸಹ್ಯಪಡದೆ ಸಾಕಿ ಸಲಹುವದನ್ನು ಕಣ್ಣಾರೆ ಕಂಡರು. ಇಂತಹವರನ್ನು ದೂಡದೆ ಎತ್ತುವ ಕರುಣೆಯು ಎಲ್ಲಿಂದ ಬಂತೆಂದು ವಿಚಾರಿಸುತ್ತ ಆಕೆಯ ಮನಸ್ಸು ಕ್ರಿಸ್ತನ ಕಡೆಗೆ ತಿರುಗಿತು. ಆ ವರುಷದ ಸೆಪ್ಟೆಂಬರ್ ೨೯ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಇದರಿಂದ ಆಕೆಗೆ ಐಹಿಕವಾದ ಲಾಭವೇನೂ ಆಗಲಿಲ್ಲ. ಸ್ವದೇಶದಲ್ಲಿ ಹೊಗಳಿದವರು ಹಲವರು ಮುಖ ತಿರುಗಿಸಿದರು. ಇತ್ತ, ಸಭೆಯ ಹಿರಿಯರು ಹೇಳಿದ್ದನ್ನೆಲ್ಲ ವಿಚಾರಿಸದೆ ಒಪ್ಪಿಕೊಳ್ಳಲಾರೆನೆಂದು ಆಕೆ ತಮ್ಮ ಪೋಷಕರೊಡನೆಯೂ ವಿನಯದಿಂದ ವಾದಿಸಿದರು. ದೇವಭಯವುಳ್ಳವರಿಗೆ ಮನುಷ್ಯರ ಭಯವು ಕಡಿಮೆಯಾಗುವದೆಂಬುದಕ್ಕೆ ಇದು ಒಳ್ಳೆಯ ನಿದರ್ಶನವಾಗಿದೆ.

೧೮೮೬ರಲ್ಲಿ, ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ಅಮೇರಿಕೆಗೆ ಹೋಗಿ, ಅಲ್ಲಿ ಎರಡು ವರುಷಕ್ಕೂ ಮಿಕ್ಕಿ ಸಂಚರಿಸಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಆಕೆಯ ಪುಸ್ತಕವು ೧೮೮೭ರಲ್ಲಿ ಪ್ರಕಟವಾಗಿ ಬಹು ಬೇಗ ಮಾರಾಟವಾಯಿತು. ಬೋಸ್ಟನ್ನಿನಲ್ಲಿ ರಮಾಬಾಯಿಯವರ ಹೆಸರಿನಲ್ಲಿಯೇ ಒಂದು ಸಂಘವು ಏರ್ಪಟ್ಟು, ಹತ್ತು ವರುಷಗಳ ವರೆಗೆ ಧನಸಹಾಯ ಮಾಡುವದಾಗಿ ಒಪ್ಪಿಕೊಂಡಿತು. ಕೀರ್ತಿಯೂ ಹಣವೂ ಕೂಡಿ ಬಂದ ಕಾಲವದು. ಆಕೆ ಬಯಸಿದ್ದರೆ ಆ ದೇಶದಲ್ಲಿಯೇ ಸುಖವಾಗಿ ನೆಲಸಬಹುದಾಗಿತ್ತು. ಆದರೆ ೧೮೮೯ರಲ್ಲಿ ಹಿಂದಿರುಗಿ, ಮಾರ್ಚ್ ೧೧ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರುಷ ಅದು ಪುಣೆಗೆ ಬಂದಿತು.

ಇನ್ನು ಮೇಲೆ ಹೇಳುವ ಸಂಗತಿಯನ್ನು ವಾಚಕರು ವಿಶೇಷವಾಗಿ ಲಕ್ಷಿಸಬೇಕೆಂದು ಕೋರುತ್ತೇವೆ. ಶಾರದಾ ಸದನದಲ್ಲಿ ಯಾರ ಮತಾಚಾರಕ್ಕೂ ಅಡ್ಡಿಯಿಲ್ಲವೆಂಬ ಕರಾರಿತ್ತು. ಅದರಂತೆ ಹುಡುಗಿಯರು ತಮ್ಮ ತಮ್ಮ ಆಚಾರಗಳನ್ನು ನಡೆಸಿಕೊಂಡು ಬರುತ್ತಿದ್ದರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಪ್ರೀತಿಯಿಂದ ಕೆಲವು ಹುಡುಗಿಯರು ಒಳಗೆ ಬಂದು ಕುಳಿತುಕೊಳ್ಳಹತ್ತಿದರು. ಈ ಸುದ್ದಿಯು ಹಬ್ಬಿ, ೧೮೯೩ರಲ್ಲಿ ಪುಣೆಯ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೆದ್ದಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರಕರರಂಥ ಗಣ್ಯರು ತಮ್ಮ ಸ್ಥಾನವನ್ನು ಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪಾಲಕರು ಬಿಡಿಸಿಕೊಂಡು ಹೋದರು. ತಮ್ಮ ಮಕ್ಕಳು ಪರಮತಕ್ಕೆ ಹೋದಾರೆಂಬ ಪಾಲಕರ ವ್ಯಥೆಯನ್ನು ನಾವು ಹಗುರವಾಗಿ ಎಣಿಸಲಾರೆವು. ಮಕ್ಕಳನ್ನು ಹೆತ್ತವರೆಲ್ಲರೂ ಅದನ್ನು ಬಲ್ಲರು. ಆದರೂ ರಮಾಬಾಯಿಯವರ ಮುಂದಿದ್ದ ಪ್ರಶ್ನೆಯು ಸಣ್ಣದಾಗಿರಲಿಲ್ಲ. ಬಾಗಿಲು ಮುಚ್ಚಿಕೊಂಡಿದ್ದರೆ ಊರಿನ ಮಾನವೂ ಶಾಲೆಯ ಬಲವೂ ಉಳಿಯುತ್ತಿದ್ದವು. ತಮ್ಮ ಮನೆಯಲ್ಲಿ ತಮ್ಮ ದೇವರನ್ನು ಬಚ್ಚಿಟ್ಟು ಆರಾಧಿಸಲಾರೆನೆಂದು ಆಕೆ ನಿರ್ಧರಿಸಿದರು. ಬಾಗಿಲು ತೆರೆದೇ ಇತ್ತು. ಅದಕ್ಕೆ ತಕ್ಕ ಬೆಲೆಯನ್ನೂ ಆಕೆ ತೆತ್ತರು.

ಹಣವನ್ನು ಆಕೆ ತುಚ್ಛವೆಂದೆಣಿಸಿದರೆಂದು ಯಾರೂ ಭಾವಿಸಬಾರದು. ಅಮೇರಿಕೆಯ ಸಹಾಯವು ಹತ್ತು ವರುಷಕ್ಕೆ ಮುಗಿಯುವದೆಂದರಿತು, ಫಲವೃಕ್ಷಗಳ ಉತ್ಪನ್ನದಿಂದ ಸದನವು ನಡೆಯಲೆಂದು ಪುಣೆಯಿಂದ ೩೪ ಮೈಲು ದೂರದ ಕೇಡಗಾಂವಿಯಲ್ಲಿ ಸುಮಾರು ೧೦೦ ಎಕರೆ ಹೊಲವನ್ನು ಕೊಂಡಿದ್ದರು. ಈ ಮುಂದಾಲೋಚನೆಯು ಆಕೆ ಎಣಿಸದ ರೀತಿಯಲ್ಲಿ ಫಲಿಸಿತು. ೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಭಯಂಕರ ಕ್ಷಾಮವುಂಟಾಗಲು, ರಾಯಚೂರಿನ ಆ ರೊಟ್ಟಿಯ ತುಂಡನ್ನು ಮರೆಯದ ರಮಾಬಾಯಿಯವರು ತಾವೇ ಅಲ್ಲಿಗೆ ಹೋಗಿ, ಎಲುಬುಗೂಡಾಗಿದ್ದ ಸುಮಾರು ೩೦೦ ಮಂದಿ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಭಯವಿದ್ದುದರಿಂದ ಅವರನ್ನು ಕೇಡಗಾಂವಿಯ ಹೊಲದಲ್ಲಿ ಇರಿಸಲಾಯಿತು. ಹೀಗೆ ಮುಕ್ತಿ ಸದನವು ಹುಟ್ಟಿತು. ೧೯೦೦ರ ಹೊತ್ತಿಗೆ, ಗುಜರಾತಿನ ಕ್ಷಾಮದಿಂದ ಬಂದವರೂ ಸೇರಿ, ಅಲ್ಲಿಯ ನಿವಾಸಿಗಳು ೧,೫೦೦ಕ್ಕೆ ಏರಿದ್ದರು.

ತನ್ನ ತಂದೆತಾಯಿಗಳು ವಿದ್ಯಾವಂತರಾಗಿದ್ದೂ ಕೈಕೆಲಸವನ್ನರಿಯದೆ ಹಸಿದು ಸತ್ತುದನ್ನು ಕಂಡವರಾದುದರಿಂದ, ರಮಾಬಾಯಿಯವರು ಓದಿನ ಜೊತೆಗೆ ದುಡಿಮೆಯನ್ನೂ ಕಲಿಸಿದರು. ಹುಡುಗಿಯರು ನೇಯ್ದರು, ಎಣ್ಣೆ ತೆಗೆದರು, ಹೈನ ಮಾಡಿದರು, ಹೊಲದಲ್ಲಿ ಗೇಯ್ದರು, ಅಚ್ಚಿನ ಮೊಳೆಗಳನ್ನು ಜೋಡಿಸಿದರು. ಕುರುಡ ಹೆಣ್ಣುಮಕ್ಕಳಿಗೂ ಅಲ್ಲಿ ಪಾಠವಿತ್ತು. ದಾರಿತಪ್ಪಿದವರಿಗೆ ಕೃಪಾ ಸದನವೆಂಬ ಬೇರೆ ಮನೆಯಿತ್ತು. ಇಷ್ಟು ದೊಡ್ಡ ಸಂಸಾರದ ಯಜಮಾನಿಯಾದರೂ ರಮಾಬಾಯಿಯವರು ಒರಟಾದ ಬಿಳಿಯ ಸೀರೆಯನ್ನುಟ್ಟು, ಸಾದಾ ಊಟವನ್ನುಂಡು ಬಾಳಿದರು.

ಆಕೆಯ ಜ್ಞಾನದಾಹವು ಮುಪ್ಪಿನಲ್ಲಿಯೂ ತಗ್ಗಲಿಲ್ಲ. ಹಳ್ಳಿಯ ಹೆಂಗಸರಿಗೆ ತಿಳಿಯುವಂತಹ ಸರಳ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು ಬಯಸಿ, ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಭಾಷಾಂತರಿಸುವ ಕೆಲಸವನ್ನು ಕೈಕೊಂಡು ಅನೇಕ ವರುಷ ದುಡಿದರು. ಮುಕ್ತಿಯ ಮುದ್ರಣಾಲಯದಲ್ಲಿ ಕ್ಷಾಮದಿಂದ ಉಳಿದುಬಂದ ಹುಡುಗಿಯರೇ ಅದನ್ನು ಅಚ್ಚುಮಾಡಿದರು. ಸಂಪೂರ್ಣ ಗ್ರಂಥವು ಹೊರಬಿದ್ದದ್ದು ೧೯೨೪ರಲ್ಲಿ, ಆಕೆಯ ಮರಣಾನಂತರ. ಬಾಲ್ಯದಲ್ಲಿ ಕಲಿತ ವ್ಯಾಕರಣವನ್ನು ಬಿರುದಿಗಾಗಿ ಮೀಸಲಿಡದೆ, ಅಕ್ಷರವನ್ನು ಈಗಷ್ಟೇ ಕಲಿತವಳ ಕೈಗೆ ಪುಸ್ತಕವನ್ನಿಡುವದಕ್ಕಾಗಿ ಸವೆಸಿದ್ದು ನಮ್ಮ ಎಣಿಕೆಯಲ್ಲಿ ಆಕೆಯ ಜೀವಿತದ ಅತ್ಯಂತ ಉನ್ನತ ಕಾರ್ಯವು.

ಈಗ ನಮ್ಮ ಸೀಮೆಯ ಮಾತು. ೨೦೧೪ರಿಂದ ಕಲಬುರಗಿ ಎಂದು ಕರೆಯಲ್ಪಡುವ ಗುಲಬರ್ಗಾ ಪಟ್ಟಣದಲ್ಲಿ, ಅದು ನಿಜಾಮರ ಆಳಿಕೆಯಲ್ಲಿದ್ದಾಗ, ೧೯೧೨ರಲ್ಲಿ ರಮಾಬಾಯಿಯವರ ನೆರವಿನಿಂದ ಮಗಳು ಮನೋರಮಾಬಾಯಿಯವರು ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದರು. ಕೇಡಗಾಂವಿಯೂ ಗುಲಬರ್ಗೆಯೂ ಒಂದೇ ರೇಲ್ವೆ ಹಾದಿಯ ಮೇಲಿವೆ. ಆ ಹಾದಿಯು ಮುಂದೆ ಶಹಾಬಾದ, ವಾಡಿಗಳನ್ನು ದಾಟಿ ರಾಯಚೂರಿಗೆ ಹೋಗುವದು. ವಾಡಿಯಲ್ಲಿ ಕವಲೊಡೆದು ಚಿತ್ತಾಪುರ, ಸೇಡಂಗಳಿಗೆ ಬರುವದು. ವಿದ್ಯೆಗೆ ಹಿಂದುಳಿದಿದ್ದ ಈ ಸೀಮೆಯನ್ನೇ ತಾಯಿಮಗಳು ಆರಿಸಿಕೊಂಡದ್ದು ನಮಗೆ ಸ್ಮರಣೀಯವಾಗಿದೆ.

೧೯೧೯ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಆದರೆ ೧೯೨೧ರ ಜುಲೈ ೨೪ರಂದು ಮನೋರಮಾಬಾಯಿಯವರು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತನ್ನ ತರುವಾಯ ಕೆಲಸವನ್ನು ಹೊರಬೇಕಾದ ಒಬ್ಬಳೇ ಮಗಳನ್ನು ಮಣ್ಣಿಗೆ ಒಪ್ಪಿಸಿದ ತಾಯಿಯು ಕೈಚೆಲ್ಲಿ ಕೂಡ್ರದೆ, ಸತ್ಯವೇದದ ಹಾಳೆಗಳನ್ನು ತಿದ್ದುತ್ತಲೇ ಇದ್ದರು. ೧೯೨೨ರ ಏಪ್ರಿಲ್ ೫ರಂದು, ೬೪ ವರುಷ ತುಂಬಲು ಹದಿನೆಂಟು ದಿನಗಳಿರುವಾಗ, ಅವರೂ ಕರ್ತನ ವಿಶ್ರಾಂತಿಯಲ್ಲಿ ಸೇರಿದರು. ಕೇಡಗಾಂವಿಯ ಮುಕ್ತಿಯಲ್ಲಿ ನಿರ್ಗತಿಕರ ಸೇವೆಯು ಇಂದಿಗೂ ನಡೆದಿದೆ. ೧೯೮೯ರಲ್ಲಿ ಭಾರತ ಸರಕಾರವು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಸೊಲೊಮೋನನು ಐಶ್ವರ್ಯವನ್ನು ಬೇಡದೆ ವಿವೇಕವನ್ನು ಬೇಡಿದ ಕಥೆಯನ್ನು ನಮ್ಮ ಹುಡುಗಿಯರು ಎಳೆವಯಸ್ಸಿನಲ್ಲಿಯೇ ಕೇಳಿರುತ್ತಾರೆ. ಅದು ಅರಸನ ಕಥೆ, ನಮಗೇನೆಂದು ಕೆಲವರು ಎಂದಾರು. ರಮಾಬಾಯಿಯು ಅರಸಿಯಲ್ಲ, ಸಜ್ಜೆಯ ರೊಟ್ಟಿಗೆ ಕೈಯೊಡ್ಡಿದವಳು. ಆಕೆಯ ತಂದೆಯು ಮಗಳಿಗೆ ಬಿಟ್ಟುಹೋದದ್ದು ಚಿನ್ನವಲ್ಲ, ಹೊಲವಲ್ಲ. ವಿದ್ಯೆಯೂ ದೇವರಲ್ಲಿ ಭಕ್ತಿಯೂ ಮಾತ್ರ. ಆ ಎರಡನ್ನೇ ಮೂಲಧನವಾಗಿ ಮಾಡಿಕೊಂಡು ಆಕೆ ಸಾವಿರಾರು ಹೆಣ್ಣುಮಕ್ಕಳಿಗೆ ಮನೆಯಾದರು.

ನಮ್ಮ ನೆಲದಡಿಯಲ್ಲಿ ಸುಣ್ಣದ ಕಲ್ಲು ಬಹಳವಾಗಿದೆ. ಶಹಾಬಾದಿನ ಚಪ್ಪಡಿ, ವಾಡಿಯ ಮತ್ತು ಆದಿತ್ಯನಗರದ ಸಿಮೆಂಟುಗಳಿಂದ ಅನೇಕರಿಗೆ ಅನ್ನವು ದೊರೆಯುತ್ತಿದೆ. ಅದಕ್ಕಾಗಿ ದೇವರನ್ನು ಸ್ತುತಿಸುತ್ತೇವೆ. ಆದರೆ ಮಗಳ ಮದುವೆಗೆ ಎಷ್ಟು ತೊಲ ಬಂಗಾರವೆಂದು ಲೆಕ್ಕ ಹಾಕುವ ತಂದೆತಾಯಿಗಳು, ಅವಳು ಇನ್ನೆಷ್ಟು ವರುಷ ಓದಬೇಕೆಂಬುದನ್ನೂ ಅದೇ ಆಸ್ಥೆಯಿಂದ ಲೆಕ್ಕ ಹಾಕಲಿ ಎಂದು ಬೇಡಿಕೊಳ್ಳುತ್ತೇವೆ. ಈ ಶಾಲೆಯಲ್ಲಿ ಓದಿ ಈಗ ಸ್ವಂತ ಮನೆಗಳನ್ನು ನಡೆಸುತ್ತಿರುವ ಸಹೋದರಿಯರು, ಬೆಳಗಿನ ಒಲೆ ಹೊತ್ತಿಸುವ ಮುಂಚೆ ಮಗಳನ್ನೆಬ್ಬಿಸಿ ಪಾಠ ಹೇಳಿದ ಲಕ್ಷ್ಮೀಬಾಯಿಯನ್ನು ನೆನೆಯಲಿ. ಒಡವೆಯನ್ನು ಕ್ಷಾಮವು ಕಸಿದುಕೊಂಡಿತು. ಆ ನಸುಕಿನ ಪಾಠವನ್ನು ಕಸಿದುಕೊಳ್ಳಲು ಅದಕ್ಕೆ ಸಾಧ್ಯವಾಗಲಿಲ್ಲ.